ಕಡಬನವಾಡಿಯ ಹುಲ್ಲಿನಲ್ಲಿ ಒಂದು ರಾತ್ರಿ

17 ಜನವರಿ 2026, ಶನಿವಾರ ರಾತ್ರಿ

ಟೆಂಟಿನೊಳಗೆ ಕೂತು ಬರೆಯುತ್ತಿದ್ದೇನೆ. ಟಾರ್ಚನ್ನು ನೀರಿನ ಬಾಟಲಿಗೆ ಒರಗಿಸಿದ್ದೇನೆ. ಮಗಳು ಎರಡು ಸ್ವೆಟರ್ ಹಾಕಿಕೊಂಡು ಆಗಲೇ ನಿದ್ದೆ ಹೋಗಿದ್ದಾಳೆ. ಹೊರಗೆ ಇವರು ಬೆಂಕಿ ಆರಿಸುತ್ತಿದ್ದಾರೆ. ಇವತ್ತು ಕಂಡದ್ದನ್ನು ಇವತ್ತೇ ಬರೆದಿಡಬೇಕು.

ಬೆಳಿಗ್ಗೆ ಪುಣೆಯಿಂದ ಹೊರಟೆವು. ನಮ್ಮದೊಂದು ಕಾರು, ಪಿಂಪ್ರಿಯ ಕನ್ನಡ ಗೆಳೆಯರದು ಇನ್ನೊಂದು. ಹಡಪಸರ ದಾಟುವಷ್ಟರಲ್ಲೇ ಒಂದು ಗಂಟೆ ಹೋಯಿತು. ಆಮೇಲೆ ಸೋಲಾಪುರ ರಸ್ತೆ ಸರಾಗ. ಸಂಕ್ರಾಂತಿಗೆ ಮಾಡಿದ ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ ಡಬ್ಬಿಯಲ್ಲಿದ್ದವು. ಭಿಗವಣ ದಾಟಿ ಬಲಕ್ಕೆ ಒಳಗೆ ಹೋದರೆ ಇಂದಾಪುರ ತಾಲೂಕಿನ ಕಡಬನವಾಡಿ.

ಇಲ್ಲಿ ಸಫಾರಿ ಅಂದರೆ ದಟ್ಟ ಕಾಡಲ್ಲ, ಹುಲ್ಲು. ಕಣ್ಣು ಹಾಯುವ ತನಕ ಹೊಂಬಣ್ಣದ ಒಣ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಬೋರೆ ಗಿಡ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇದೆ. ಊರಿನ ಹುಡುಗರೇ ಗೈಡ್‌ಗಳು. ನಮ್ಮ ಕಾರಿನಲ್ಲೇ ಅವರನ್ನು ಕೂರಿಸಿಕೊಂಡು ನಿಗದಿ ಮಾಡಿದ ದಾರಿಯಲ್ಲಿ ನಿಧಾನಕ್ಕೆ ಹೋಗಬೇಕು. ರಾತ್ರಿ ಉಳಿಯುವುದು ಹುಲ್ಲುಗಾವಲಿನ ಒಳಗಲ್ಲ, ಹೊರಗೆ. ಒಬ್ಬ ರೈತರು ತಮ್ಮ ಜೋಳದ ಹೊಲದ ಪಕ್ಕ ನಾಲ್ಕು ಟೆಂಟ್ ಹಾಕಿದ್ದಾರೆ.

ನನ್ನ ತವರು ಬೀಳಗಿ ಕಡೆ. ಇಂಥ ನೆಲ ನನಗೆ ಹೊಸದಲ್ಲ. ನಮ್ಮಲ್ಲಿ ಇದಕ್ಕೆ ಬೀಳು ಅಂತಿದ್ದೆವು. ಏನೂ ಬೆಳೆಯದ, ಯಾರಿಗೂ ಬೇಡದ ಜಾಗ ಅಂತಲೇ ತಿಳಿದಿದ್ದೆ. ಇವತ್ತು ಸಂಜೆ ಮೂರು ತಾಸು ಆ ಬೀಳಿನಲ್ಲಿ ಓಡಾಡಿದ ಮೇಲೆ ಆ ಮಾತು ಬಾಯಿಗೆ ಬರುತ್ತಿಲ್ಲ.

ಮೊದಲು ಕಂಡಿದ್ದು ಚಿಂಕಾರ, ಒಣ ಬಯಲಿನ ಸಣ್ಣ ಹುಲ್ಲೆ. ಒಂದು ಹೆಣ್ಣು, ಪಕ್ಕದಲ್ಲಿ ಬೆಳೆದ ಮರಿ. ಹೆಣ್ಣಿಗೂ ಕೊಂಬಿತ್ತು, ತೆಳ್ಳಗೆ, ಪೆನ್ಸಿಲಿನ ಹಾಗೆ. ಕೃಷ್ಣಮೃಗದ ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿರಲ್ಲ, ಇದಕ್ಕೆ ಇರುತ್ತದೆ ಅಂತ ಗೈಡ್ ಹೇಳಿದ. ಕಪ್ಪು ಬಾಲ ಒಂದು ಕ್ಷಣವೂ ಸುಮ್ಮನಿರಲಿಲ್ಲ. ತಿನ್ನುವ ಎಲೆಯಲ್ಲಿ, ಬೀಳುವ ಇಬ್ಬನಿಯಲ್ಲಿ ಇರುವ ನೀರೇ ಇದಕ್ಕೆ ಎಷ್ಟೋ ದಿನ ಸಾಕಾಗುತ್ತದೆ. ಸಹ್ಯಾದ್ರಿಯ ಮಳೆನೆರಳಿನ ಈ ನೆಲದಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ. ಅಷ್ಟರಲ್ಲೇ ಬದುಕುವುದನ್ನು ಕಲಿತ ಜೀವ. ನಮ್ಮ ಬೀಳಗಿ ಪಕ್ಕದ ಯಡಹಳ್ಳಿಯಲ್ಲಿ ಇದಕ್ಕಾಗಿಯೇ ವನ್ಯಧಾಮ ಇದೆ. ಮನೆ ಹತ್ತಿರದ್ದನ್ನು ನೋಡದೆ ಇಲ್ಲಿಗೆ ಬಂದು ನೋಡಿದೆ.

ಹೊತ್ತು ಇಳಿಯುವಾಗ ಸೆಳೆವಗಳು ಬಂದವು. ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಚಳಿಗಾಲಕ್ಕೆ ಬರುವ ಗಿಡುಗಗಳು. ಹುಲ್ಲಿನ ಮೇಲೆ ಒಂದಾಳೆತ್ತರದಲ್ಲಿ ತೇಲುತ್ತ ಮಿಡತೆ ಹಿಡಿಯುತ್ತವೆ. ರಾತ್ರಿ ಮರ ಹತ್ತುವುದಿಲ್ಲ, ಹುಲ್ಲಿನೊಳಗೇ ನೆಲದ ಮೇಲೆ ಮಲಗುತ್ತವೆ. ಸಾವಿರಾರು ಮೈಲಿ ಹಾರಿ ಬಂದು ಮಲಗಲು ಅವಕ್ಕೆ ಬೇಕಾಗಿರುವುದು ಈ ಒಣ ಹುಲ್ಲು ಅಷ್ಟೇ.

ಆಮೇಲೆ ತೋಳ.

ಗೈಡ್ 'ಲಾಂಡಗಾ' ಅಂತ ಉಸಿರಿನಲ್ಲೇ ಅಂದ. ಮೊದಲು ನನಗೆ ಏನೂ ಕಾಣಲಿಲ್ಲ. ಹುಲ್ಲಿನ ಬಣ್ಣವೇ ಅದರ ಬಣ್ಣ. ಆಮೇಲೆ ಒಂದು ಕಿವಿ ತಿರುಗಿತು. ಉದ್ದ ಕಾಲು, ತೆಳ್ಳನೆ ಮೈ, ಹಳದಿ ಕಣ್ಣು. ನಮ್ಮನ್ನು ನೋಡಿತು. ಹೆದರಲಿಲ್ಲ, ಅವಸರ ಮಾಡಲಿಲ್ಲ. ಜಗತ್ತಿನ ತೋಳಗಳಲ್ಲೇ ಬಹಳ ಹಳೆಯ ಕವಲು ನಮ್ಮ ದೇಶದ ತೋಳ. ಒಟ್ಟು ಸುಮಾರು 3,000 ಇರಬಹುದು ಅಂತ ಅಂದಾಜು. ಹುಲಿ 2022ರ ಗಣತಿಯಲ್ಲಿ 3,682. ಹುಲಿಗಿಂತ ತೋಳ ಕಡಿಮೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಎರಡು ನಿಮಿಷ ಆಗಿತ್ತೋ ಇಲ್ಲವೋ. ಇನ್ನೊಂದು ಗಾಡಿ ದಾರಿ ಬಿಟ್ಟು ಹುಲ್ಲಿನ ಮೇಲೆ ನುಗ್ಗಿತು. ಹತ್ತಿರದ ಫೋಟೋ ಬೇಕಿತ್ತು ಅವರಿಗೆ. ತೋಳ ಎದ್ದು ಹೋಯಿತು. ನನಗೆ ಸಿಟ್ಟು ಬಂದು ಮಾತೇ ಹೊರಡಲಿಲ್ಲ. ನೆಲಗುಬ್ಬಿ, ಟಿಟ್ಟಿಭದಂಥ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ. ತೋಳಕ್ಕೆ ಇದು ಮರಿಗಳ ಕಾಲ ಬೇರೆ. ಅದಕ್ಕೇ ಗೈಡ್ ಗವಿಗಳ ಕಡೆ ನಮ್ಮನ್ನು ಕರೆದುಕೊಂಡು ಹೋಗಲೇ ಇಲ್ಲ. ಅವನು ಕೆಳಗಿಳಿದು ಹೋಗಿ ಆ ಗಾಡಿಯವರಿಗೆ ಜೋರಾಗಿಯೇ ಹೇಳಿದ. ಇಪ್ಪತ್ತೆರಡು ವರ್ಷದ ಹುಡುಗ. ಅವನ ಅಪ್ಪ ಧನಗರರು, ಕುರಿ ಕಾಯುತ್ತಾರೆ. ವರ್ಷಕ್ಕೆ ಒಂದೆರಡು ಮರಿ ತೋಳಕ್ಕೆ ಹೋಗುತ್ತವಂತೆ. 'ಅದರ ಪಾಲು ಅದು ತಗೊಳ್ಳುತ್ತೆ' ಅಂದ. ಕುರಿ ಕಳಕೊಳ್ಳುವವರ ಬಾಯಲ್ಲೇ ಈ ಮಾತು.

ಟೆಂಟಿಗೆ ಬಂದು ಶೂ ಬಿಚ್ಚಿದರೆ ಸಾಕ್ಸ್ ತುಂಬ ಸೂಜಿಹುಲ್ಲಿನ ಬೀಜ. ಊರಲ್ಲಿ ಲಂಗಕ್ಕೆ ಚುಚ್ಚಿಕೊಳ್ಳುತ್ತಿದ್ದ ಅದೇ ಬೀಜ. ಒಂದನ್ನು ಕಿತ್ತು ಮಗಳ ಅಂಗೈ ಮೇಲಿಟ್ಟು ಒಂದು ಹನಿ ನೀರು ಬಿಟ್ಟೆ. ಹುರಿ ಹಾಕಿದ ಹಾಗಿದ್ದ ಅದರ ಬಾಲ ನಿಧಾನವಾಗಿ ಬಿಚ್ಚಿಕೊಳ್ಳುತ್ತ ಗಿರ್ರನೆ ತಿರುಗತೊಡಗಿತು. ಮಗಳು ಕೈ ಕೊಡವಿದಳು, ಹುಳ ಅಂದುಕೊಂಡು. ಮಳೆ ಬಿದ್ದಾಗ ಅದು ಹೀಗೆ ತಿರುಗಿ ತಿರುಗಿ ತನ್ನನ್ನು ತಾನೇ ಮಣ್ಣಿಗೆ ಕೊರೆದುಕೊಳ್ಳುತ್ತದೆ. ಬಿತ್ತುವವರು ಬೇಡ. ಆಮೇಲೆ ಅವಳು ಹದಿನೈದು ಬೀಜ ಹಾಗೆ ತಿರುಗಿಸಿ ನೋಡಿದಳು.

ಒಂದು ಮಾತು ಬರೆಯಲೇಬೇಕು. ಮೂರು ವರ್ಷದ ಹಿಂದೆ ನಾನೂ ಆಫೀಸಿನವರ ಜೊತೆ ಇಂಥದೇ ಒಂದು ಬಯಲಿಗೆ ಗಿಡ ನೆಡಲು ಹೋಗಿದ್ದೆ. ಮಳೆಗಾಲದ ಭಾನುವಾರ. ಸಾಲಾಗಿ ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ನೆಟ್ಟು ಫೋಟೋ ತೆಗೆಸಿಕೊಂಡು ಬಂದೆವು. ಒಳ್ಳೆಯ ಕೆಲಸ ಅಂತಲೇ ನಂಬಿದ್ದೆ. ಮರದ ನೆರಳು ದಟ್ಟವಾದರೆ ಬಿಸಿಲು ಬೇಡುವ ಹುಲ್ಲು ಸಾಯುತ್ತದೆ, ಹುಲ್ಲಿನ ಜೊತೆ ಚಿಂಕಾರ, ನೆಲಗುಬ್ಬಿ ಎಲ್ಲ ಹೋಗುತ್ತವೆ ಅಂತ ಆಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ದಾಖಲೆಯಲ್ಲಿ ಇಂಥ ನೆಲಕ್ಕೆ ಪಾಳುಭೂಮಿ ಅಂತ ಹೆಸರು. ಪಾಳು ಅಂದ ಮೇಲೆ ಲೇಔಟ್ ಮಾಡಿದರೂ ನಡೆಯುತ್ತದೆ, ಕಾರ್ಖಾನೆ ಕಟ್ಟಿದರೂ ನಡೆಯುತ್ತದೆ. ಅದರ ಮೇಲೆ ಬಳ್ಳಾರಿ ಜಾಲಿ ತಾನಾಗಿಯೇ ಹಬ್ಬುತ್ತಿದೆ. ನಾನು ನೆಟ್ಟ ಗಿಡಗಳು ಈಗ ಎಷ್ಟೆತ್ತರ ಆಗಿವೆಯೋ. ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಾಳೆ ಅಮಾವಾಸ್ಯೆ. ಹೊರಗೆ ಚಂದ್ರನಿಲ್ಲ. ಪುಣೆಯಲ್ಲಿ ಇಷ್ಟು ನಕ್ಷತ್ರ ಕಂಡಿದ್ದೇ ಇಲ್ಲ.

18 ಜನವರಿ, ಭಾನುವಾರ

ಬೆಳಗಿನ ಜಾವ ಐದಕ್ಕೆ ಎಚ್ಚರವಾಯಿತು. ಟೆಂಟಿನ ಬಟ್ಟೆ ಇಬ್ಬನಿಗೆ ತೊಯ್ದು ಜೋತಿತ್ತು. ಮೊದಲು ನಾಯಿ ಅಂದುಕೊಂಡೆ. ಅಲ್ಲ. ಒಂದೇ ದನಿ, ತಗ್ಗಿನಿಂದ ಎದ್ದು ಮೇಲೆ ಹೋಗಿ ಅಲ್ಲೇ ನಿಂತಿತು. ಅದು ಮುಗಿಯುವ ಮೊದಲೇ ಇನ್ನೊಂದು ದನಿ, ಬೇರೆ ಶ್ರುತಿಯಲ್ಲಿ. ಆಮೇಲೆ ಎಷ್ಟು ಅಂತ ಎಣಿಸಲು ಆಗಲಿಲ್ಲ. ದೂರದ ಕುರಿಹಟ್ಟಿಯ ನಾಯಿಗಳು ಬೊಗಳಿ ಬೊಗಳಿ ಸುಮ್ಮನಾದವು. ಮಗಳು ಎದ್ದು ಕೂತು ನನ್ನ ಕೈ ಹಿಡಿದಳು. ಇನ್ನೊಂದು ಕೈಯಲ್ಲಿ ಮೊಬೈಲ್ ಹುಡುಕಿ ರೆಕಾರ್ಡ್ ಒತ್ತಿದಳು. ಆ ಬುದ್ಧಿ ನನಗೆ ಹೊಳೆದಿರಲಿಲ್ಲ. ಐವತ್ತು ಸೆಕೆಂಡ್ ಸಿಕ್ಕಿದೆ.

ನಾಯಿಗಳ ಬಗ್ಗೆಯೂ ಗೈಡ್‌ಗೆ ಚಿಂತೆ ಇದೆ. ಕುರಿ ಕಾಯುವ ನಾಯಿಗಳಲ್ಲ, ಊರಾಚೆ ಕಸದ ಗುಡ್ಡೆ ಮೇಲೆ ಬೆಳೆದ ಬೀದಿ ನಾಯಿಗಳು. ಅವುಗಳಿಂದ ತೋಳಕ್ಕೆ ರೋಗ ಬರುತ್ತದೆ. ಕೂಡಿ ಬೆರಕೆ ಮರಿಗಳೂ ಹುಟ್ಟುತ್ತಿವೆ. ಪುಣೆ ಸುತ್ತಮುತ್ತ ಅಂಥವು ಆಗಲೇ ಸಿಕ್ಕಿವೆ.

ವಾಪಸ್ ಬರುವಾಗ ಭಿಗವಣದಲ್ಲಿ ದೋಣಿ ಹತ್ತಿದೆವು. ಭೀಮಾ ನದಿಯ ಉಜನಿ ಅಣೆಕಟ್ಟಿನ ಹಿನ್ನೀರು. ರಾಜಹಂಸಗಳ ಹಿಂಡು, ನಮ್ಮ ಗದಗಿನ ಮಾಗಡಿ ಕೆರೆಗೂ ಬರುವ ಪಟ್ಟೆತಲೆ ಹೆಬ್ಬಾತುಗಳು. ಇದೇ ಭೀಮೆ ಮುಂದೆ ಕಲಬುರಗಿ ಕಡೆ ಹರಿದು ಕೃಷ್ಣೆ ಸೇರುತ್ತಾಳೆ. ದೋಣಿಯವರಿಗೆ ಅದನ್ನು ಹೇಳಿದೆ, ಖುಷಿಪಟ್ಟರು. ಆದರೆ ನನ್ನ ಮನಸ್ಸು ಇನ್ನೂ ಹುಲ್ಲಿನಲ್ಲೇ ಇತ್ತು.

ರಾತ್ರಿ ಮನೆಗೆ ಬಂದು ಊರಿಗೆ ಫೋನ್ ಮಾಡಿದೆ. ಅಪ್ಪ ಕುರಿ ಕಾಯ್ದು ಬೆಳೆದವರು. ತೋಳದ ಕೂಗು ಕೇಳಿ ಮೂವತ್ತು ವರ್ಷದ ಮೇಲಾಯಿತು ಅಂತ ಆಗಾಗ ಹೇಳುತ್ತಿರುತ್ತಾರೆ. ಮಗಳು ತನ್ನ ಮೊಬೈಲನ್ನು ನನ್ನ ಫೋನಿಗೆ ಹತ್ತಿರ ಹಿಡಿದು ಆ ಐವತ್ತು ಸೆಕೆಂಡ್ ಕೇಳಿಸಿದಳು. ಮುಗಿಯಿತು. ಆ ಕಡೆಯಿಂದ ಮಾತಿಲ್ಲ. ಲೈನ್ ಕಟ್ಟಾಯಿತೇನೋ ಅಂತ 'ಅಪ್ಪಾ' ಅಂದೆ.

'ಇದೀನವಾ' ಅಂದರು. 'ಅದನ್ನ ಇನ್ನೊಮ್ಮಿ ಹಚ್ಚಂತ ಹೇಳು ಆಕಿಗೆ.'