ಹನ್ನೊಂದು ಗಂಟೆಗೆ ಶಾಲೆಯಿಂದ ಬರುವ ಫೋನು

29 ಜೂನ್ 2025, ಭಾನುವಾರ
ಉಡುಪಿ

ಶಾಲೆ ಶುರುವಾಗಿ ತಿಂಗಳಾಯಿತು. ಹೊಸ ತರಗತಿ, ಹೊಸ ಟೀಚರ್, ಒದ್ದೆ ಸಾಕ್ಸು, ನಿಲ್ಲದ ಮಳೆ. ಆಟಿಸಂ, ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಯಾದ ಎಡಿಎಚ್‌ಡಿ, ಕಲಿಕಾ ನ್ಯೂನತೆ ಇರುವ ಮಕ್ಕಳ ಮನೆಗೆ ಶಾಲೆಯಿಂದ ಫೋನು ಬರತೊಡಗುವುದು ಹೆಚ್ಚಾಗಿ ಈಗಲೇ. ಮೊದಲೆರಡು ವಾರ ಮಗು ಹೇಗೋ ತಡೆದುಕೊಂಡಿರುತ್ತದೆ, ಟೀಚರೂ ತಡೆದುಕೊಂಡಿರುತ್ತಾರೆ. ಆಮೇಲೆ ಒಂದು ದಿನ ಹನ್ನೊಂದು ಗಂಟೆಗೆ, "ಅಮ್ಮ, ಇವತ್ತು ಸ್ವಲ್ಪ ಜೋರು ಮಾಡ್ತಿದ್ದಾನೆ, ಬಂದು ಕರ್ಕೊಂಡು ಹೋಗ್ತೀರಾ?"

ಹೋಗಿ ಕರೆತರುವುದು ಸುಲಭ. ತೊಂದರೆ ಹುಟ್ಟುವುದೂ ಅಲ್ಲಿಯೇ. ಹೆದರಿದ ಮಗು ಮೇಜು ತಳ್ಳುತ್ತದೆ, ಪಕ್ಕದವನಿಗೆ ಹೊಡೆಯುತ್ತದೆ, ಬಾಗಿಲತ್ತ ಓಡುತ್ತದೆ. ಮನೆಗೆ ಬಂದ ಕೂಡಲೇ ಹೆದರಿಕೆ ಇಳಿಯುತ್ತದೆ. ಹಾಗೆ ಇಳಿದ ನೆಮ್ಮದಿಯೇ ಪಾಠವಾಗಿ, ಮುಂದಿನ ಸಲ ಹತ್ತೂವರೆಗೇ ಫೋನು ಬರುತ್ತದೆ. ಇದರಲ್ಲಿ ಮಗುವಿನ ಕಪಟವೇನೂ ಇಲ್ಲ. ಕಾದ ಕಾವಲಿಯಿಂದ ಕೈ ಹಿಂದೆಗೆದ ಹಾಗೆ, ಯೋಚಿಸಿ ಮಾಡುವ ಕೆಲಸವಲ್ಲ ಅದು. ತರಗತಿಯ ಹೊರಗೆ ನಿಲ್ಲಿಸುವ ಶಿಕ್ಷೆಯದೂ ಇದೇ ಕತೆ. ಗಣಿತಕ್ಕೆ ಹೆದರುವ ಮಗುವಿಗೆ ಜಗಲಿಯಲ್ಲಿ ನಿಲ್ಲುವುದು ಶಿಕ್ಷೆಯೇ ಅಲ್ಲ, ಬಿಡುಗಡೆ.

ಹಾಗಾದರೆ ಮೊದಲು ಮಾಡಬೇಕಾದದ್ದು ಬರೆದಿಡುವ ಕೆಲಸ. ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ಎಷ್ಟು ಗಂಟೆಗೆ, ಅದಕ್ಕೆ ಮುಂಚಿನ ಹತ್ತು ನಿಮಿಷದಲ್ಲಿ ಏನು ನಡೆಯಿತು, ಮಗು ಏನು ಮಾಡಿತು, ಆಮೇಲೆ ಮಗುವಿಗೆ ಏನು ಸಿಕ್ಕಿತು ಅಥವಾ ಏನು ತಪ್ಪಿತು. ಎರಡು ವಾರ ಸಾಕು. ಈ ಪುಸ್ತಕ ಕೆಡುವುದು ಭಾಷೆಯಿಂದ. "ಹಠ ಮಾಡಿದ", "ಸುಮ್ಮನೆ ಕಿರುಚಿದ" ಎಂದು ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ. "ಕಾಪಿ ಬರೆಯಲು ಹೇಳಿದಾಗ ಪುಸ್ತಕ ಎಸೆದ, ಮೇಜಿನ ಕೆಳಗೆ 12 ನಿಮಿಷ ಕೂತ, ಕಾಪಿ ಬರೆಯಲಿಲ್ಲ" ಎಂದಿದ್ದರೆ ಕಾರಣ ಅರ್ಧ ಸಿಕ್ಕಿದಂತೆ. ಟೀಚರಿಗೆ ನಲವತ್ತು ಮಕ್ಕಳ ನಡುವೆ ಇಷ್ಟೆಲ್ಲ ಬರೆಯಲು ಪುರುಸೊತ್ತು ಇರುವುದಿಲ್ಲ. ಸಮಯ ಮತ್ತು "ಮುಂಚೆ" ಎಂಬ ಎರಡು ಕಾಲಂ ಮಾತ್ರ ಅವರು ತುಂಬಿಸಲಿ, ಉಳಿದದ್ದನ್ನು ಸಂಜೆ ಕೇಳಿ ಬರೆದುಕೊಳ್ಳಬಹುದು. ಸಾಧಾರಣವಾಗಿ ನಾಲ್ಕು ಕಾರಣಗಳಲ್ಲಿ ಒಂದು ಎದ್ದು ಕಾಣುತ್ತದೆ: ಯಾವುದರಿಂದಲೋ ತಪ್ಪಿಸಿಕೊಳ್ಳಬೇಕು, ಯಾರಾದರೂ ತನ್ನನ್ನು ನೋಡಬೇಕು, ಏನೋ ಬೇಕು, ಅಥವಾ ಮೈಗೆ ಏನೋ ಹಿತವಾಗಬೇಕು. ಆತಂಕ ಇರುವ ಮಕ್ಕಳಲ್ಲಿ ಮೊದಲನೆಯದೇ ಮತ್ತೆ ಮತ್ತೆ ಕಾಣಿಸುತ್ತದೆ.

ಪುಸ್ತಕ ತುಂಬುವ ಹೊತ್ತಿಗೆ ಮೈಯನ್ನೂ ಒಮ್ಮೆ ನೋಡಿಸಬೇಕು. ಮಲಬದ್ಧತೆ, ಹಲ್ಲುನೋವು, ಕಿವಿ ಸೋಂಕು ಇವನ್ನು ಮಾತು ಕಡಿಮೆ ಇರುವ ಮಗು ಹೇಳುವುದಿಲ್ಲ, ಹೊಡೆದು ತೋರಿಸುತ್ತದೆ. ಶಾಲೆಯ ಶೌಚಾಲಯದ ವಾಸನೆಗೆ ಹೆದರಿ ಬೆಳಿಗ್ಗೆಯಿಂದ ಮೂತ್ರ ಕಟ್ಟಿಕೊಂಡು, ನೀರೂ ಕುಡಿಯದೆ, ಮಧ್ಯಾಹ್ನ ಎರಡಕ್ಕೆ ಸಿಡಿಯುವ ಮಕ್ಕಳಿದ್ದಾರೆ. ಅಂಥವರಿಗೆ ಬೇಕಾದದ್ದು ತರಗತಿ ನಡೆಯುತ್ತಿರುವಾಗ, ಗಲಾಟೆ ಇಲ್ಲದ ಹೊತ್ತಿನಲ್ಲಿ, ಒಬ್ಬರೇ ಶೌಚಾಲಯಕ್ಕೆ ಹೋಗಿ ಬರುವ ಅವಕಾಶ, ಅಷ್ಟೆ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಅದು ಏಳಕ್ಕೆ ಇಳಿದಿದ್ದರೆ ಬೇರೆ ಯಾವ ಉಪಾಯವೂ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಒಂದು ಜೊತೆ ಒಣ ಸಾಕ್ಸು, ಒಂದು ಚಡ್ಡಿ, ಸಣ್ಣ ಟವಲ್ ಬ್ಯಾಗಿನಲ್ಲಿರಲಿ. ಒದ್ದೆ ಬಟ್ಟೆ ಮೈಗಂಟುವುದನ್ನು ನಾವು ಸಹಿಸುತ್ತೇವೆ, ಈ ಮಕ್ಕಳಲ್ಲಿ ಅನೇಕರಿಗೆ ಆಗುವುದಿಲ್ಲ. ಶಾಲೆಗೆ ಕರೆದೊಯ್ಯುವ ಆಮ್ನಿ ವ್ಯಾನನ್ನೂ ಮರೆಯಬೇಡಿ. ಒಂಬತ್ತೂವರೆಗೆ ತರಗತಿಯಲ್ಲಿ ಆದ ಗಲಾಟೆಯ ಬೇರು, ಎಂಟೂವರೆಗೆ ಆಮ್ನಿಯ ಹಿಂದಿನ ಸೀಟಿನಲ್ಲಿ ಕಾಲಿಗೆ ಕಾಲು ತಾಗಿ ಕೂತಾಗ ಯಾರೋ ಮಾಡಿದ ಗೇಲಿಯಲ್ಲಿರಬಹುದು. ಡ್ರೈವರ್ ಪಕ್ಕದ ಸೀಟಿನ ಹಿಂದಿನ ಸಾಲು, ಕಿಟಕಿಯ ಬದಿ, ದಿನಾ ಅದೇ ಜಾಗ ಎಂದು ಕೇಳಿಕೊಂಡರೆ ಹೆಚ್ಚಿನವರು ಒಪ್ಪುತ್ತಾರೆ.

ಈಗ ಬಿಡುವು ಕೇಳುವ ಕಾರ್ಡಿನ ವಿಷಯ. ತಪ್ಪಿಸಿಕೊಳ್ಳಲು ಹೊಡೆಯುವ ಮಗುವಿಗೆ ಹೊಡೆಯದೆ ತಪ್ಪಿಸಿಕೊಳ್ಳುವ ದಾರಿ ಕೊಡಬೇಕು. ಶಾಲೆಯ ಐಡಿ ಕಾರ್ಡಿನಷ್ಟೇ ದೊಡ್ಡ ಕಾರ್ಡು, ಅದರಲ್ಲಿ "ಸ್ವಲ್ಪ ಬಿಡುವು ಬೇಕು" ಎಂಬ ಬರಹ ಮತ್ತು ಒಂದು ಚಿತ್ರ. ಲ್ಯಾಮಿನೇಟ್ ಮಾಡಿಸಿ ಐಡಿ ಕಾರ್ಡಿನ ಅದೇ ಪಟ್ಟಿಗೆ ಸೇರಿಸಿ. ಎರಡು ಪ್ರತಿ ಮಾಡಿಸುವುದು ಜಾಣತನ, ಒಂದು ಕಳೆದೇ ಹೋಗುತ್ತದೆ. ಕಾರ್ಡು ತೋರಿಸಿದರೆ ಐದು ನಿಮಿಷ, ಗೊತ್ತಾದ ಒಂದು ಮೂಲೆಯಲ್ಲಿ, ಮರಳು ಗಡಿಯಾರ ಅಥವಾ ಅಡುಗೆಮನೆಯ ಟೈಮರ್ ಇಟ್ಟು. ಟೈಮರ್ ಮುಗಿದ ಮೇಲೆ ಅದೇ ಕೆಲಸಕ್ಕೆ ವಾಪಸ್, ಆದರೆ ಹತ್ತು ಲೆಕ್ಕದ ಬದಲು ಮೂರು. ಕೆಲಸ ಪೂರ್ತಿ ಮಾಯವಾಗಬಾರದು, ಸಣ್ಣದಾಗಬೇಕು. ಮನೆಯಲ್ಲಿ, ಮಗು ಖುಷಿಯಾಗಿರುವಾಗಲೇ, ಆಟದ ಹಾಗೆ ವಾರವಿಡೀ ಅಭ್ಯಾಸ ಮಾಡಿಸಿ. ಕೋಪ ಏರಿದಾಗ ಹೊಸದಾಗಿ ಕಲಿಸಲು ಹೋದರೆ ಕಾರ್ಡು ಮೂಲೆಗೆ ಹಾರುತ್ತದೆ.

ಕಾರ್ಡು ಸಾಯುವುದು ಎರಡು ರೀತಿಯಲ್ಲಿ. ಮೊದಲ ವಾರದಲ್ಲಿ ಟೀಚರ್ "ಈಗ ಬೇಡ, ಇದು ಮುಗಿಸು" ಎಂದರೆ ಮಗು ಹಳೆಯ ದಾರಿಗೆ ಮರಳುತ್ತದೆ. ಆರಂಭದಲ್ಲಿ ತೋರಿಸಿದಾಗಲೆಲ್ಲ ಒಪ್ಪಲೇಬೇಕು. ಇನ್ನೊಂದು, ದಿನಕ್ಕೆ ಇಪ್ಪತ್ತು ಸಲ ತೋರಿಸಿದಾಗ "ದುರುಪಯೋಗ" ಎಂದು ಕಿತ್ತುಕೊಳ್ಳುವುದು. ಇಪ್ಪತ್ತು ಸಲ ಬೇಕಾಗುತ್ತಿದೆ ಎಂದರೆ ಪಾಠ ಮಗುವಿನ ಮಟ್ಟಕ್ಕಿಂತ ಬಹಳ ಮೇಲಿದೆ ಎಂದರ್ಥ, ಅದನ್ನು ಸರಿಮಾಡಬೇಕು. ಎರಡು ಮೂರು ವಾರ ಕಳೆದು, ಹೊಡೆತ ಕಡಿಮೆಯಾದ ಮೇಲೆ, ಬೆಳಿಗ್ಗೆ ನಾಲ್ಕು ಟೋಕನ್ ಕೊಟ್ಟು ಅದರೊಳಗೆ ನಿಭಾಯಿಸಲು ಕಲಿಸಬಹುದು. ಒಂದು ಮಾತು ಮೊದಲೇ ಹೇಳಿಡಬೇಕು: ಹಳೆಯ ದಾರಿ ಮುಚ್ಚಿದ ಕೂಡಲೇ ಮಗು ಅದನ್ನೇ ಇನ್ನೂ ಜೋರಾಗಿ ತಟ್ಟುತ್ತದೆ. ಮೊದಲ ಹತ್ತು ದಿನ ಗಲಾಟೆ ಹೆಚ್ಚಾಗಬಹುದು. ಹೆಚ್ಚಿನ ಶಾಲೆಗಳು, ಹೆಚ್ಚಿನ ಅಪ್ಪಂದಿರೂ ಕೈಬಿಡುವುದು ಸರಿಯಾಗಿ ಆಗಲೇ.

ಸಿಡಿದ ಹೊತ್ತಿನಲ್ಲಿ ಮಾತು ಕಡಿಮೆ. ಒಬ್ಬರೇ ಮಾತಾಡಬೇಕು, ಎರಡು ಮೂರು ಶಬ್ದಕ್ಕಿಂತ ಹೆಚ್ಚು ಬೇಡ, ಅದೂ ಮನೆಮಾತಿನಲ್ಲಿ. ಮನೆಯಲ್ಲಿ ತುಳು, ಅಂಗಳದಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಇರುವ ನಮ್ಮ ಊರಲ್ಲಿ ಹೆದರಿದ ಮಗುವಿಗೆ ಇಂಗ್ಲಿಷಿನ ಆಜ್ಞೆ ಬರೀ ಸದ್ದು. "ಬಲ, ಕುಲ್ಲು" (ತುಳುವಿನಲ್ಲಿ ಬಾ, ಕೂರು) ಎಂದರೆ ಮುಟ್ಟುತ್ತದೆ. ಕೊಂಕಣಿ, ಬ್ಯಾರಿ ಮನೆಯ ಮಗುವಾದರೆ ಅಂಥ ನಾಲ್ಕು ಮಾತು ಟೀಚರಿಗೆ ಚೀಟಿಯಲ್ಲಿ ಬರೆದುಕೊಡಿ. ಉಳಿದ ಮಕ್ಕಳನ್ನು ಹೊರಗೆ ಕಳಿಸುವುದು, ಈ ಮಗುವನ್ನು ಎಳೆಯುವುದಕ್ಕಿಂತ ಸುರಕ್ಷಿತ. "ಯಾಕೆ ಹೀಗೆ ಮಾಡಿದೆ?" ಎಂಬ ಪ್ರಶ್ನೆ ಬೇಡ, "ನನ್ನ ಕಣ್ಣು ನೋಡು" ಬೇಡವೇ ಬೇಡ. ರಸ್ತೆಗೆ ಓಡುವಂಥ ಅಪಾಯ ಇಲ್ಲದಿದ್ದರೆ ಮೈ ಹಿಡಿಯಬಾರದು. ಕಿರುಚಾಟ ನಿಂತ ಮಾತ್ರಕ್ಕೆ ಒಳಗಿನ ಕಾವು ಇಳಿದಿರುವುದಿಲ್ಲ, ಅದಕ್ಕೆ ಅರ್ಧ ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಬುದ್ಧಿವಾದ ಸಂಜೆಗಿರಲಿ, ಚಿಕ್ಕದಾಗಿರಲಿ.

ಆದರೂ ಫೋನು ಬಂತು, ಹೋಗಲೇಬೇಕಾಯಿತು ಎಂದುಕೊಳ್ಳಿ. ಕೂಡಲೇ ಹೊರಡುವ ಬದಲು ಮಗು ಶಾಂತವಾಗುವ ತನಕ ಶಾಲೆಯಲ್ಲೇ ಕೂತು, ಏನಾದರೂ ಸಣ್ಣ ಕೆಲಸ ಮುಗಿಸಿ, ಒಂದು ಗೆರೆ ಬರೆದಾದರೂ ಸರಿ, ಆಮೇಲೆ ಹೊರಡಿ. ಮನೆಯಲ್ಲಿ ಶಾಲೆ ಬಿಡುವ ಗಂಟೆಯ ತನಕ ಮೊಬೈಲ್, ಟಿವಿ, ಅಜ್ಜಿಯ ವಿಶೇಷ ತಿಂಡಿ ಇಲ್ಲ. ಬೈಗುಳವೂ ಇಲ್ಲ. ಊಟ, ನೀರು, ಪುಸ್ತಕ ಇದೆ. ಆ ಹೊತ್ತು ಸಪ್ಪೆಯಾಗಿರಬೇಕು, ಕಹಿಯಾಗಿರಬಾರದು. ಅಜ್ಜಿಯನ್ನು ಒಪ್ಪಿಸುವುದು ಟೀಚರನ್ನು ಒಪ್ಪಿಸುವುದಕ್ಕಿಂತ ಕಷ್ಟ, ಇರಲಿ.

ಶಾಲೆಗೆ ಹೋಗುವುದನ್ನೇ ನಿಲ್ಲಿಸಿರುವ ಮಗುವಿಗೆ ಮೆಟ್ಟಿಲು ಕಟ್ಟಬೇಕು. ಯೂನಿಫಾರ್ಮ್ ಹಾಕಿ ಗೇಟಿನವರೆಗೆ, ಆಮೇಲೆ ಜಗಲಿಯಲ್ಲಿ ಹದಿನೈದು ನಿಮಿಷ, ಆಮೇಲೆ ಇಷ್ಟದ ಒಂದು ಪೀರಿಯಡ್, ಮತ್ತೆ ಊಟದ ಗಂಟೆಯ ತನಕ. ಒಂದು ಮೆಟ್ಟಿಲಲ್ಲಿ ಹೆದರಿಕೆ 10ರಲ್ಲಿ 3ಕ್ಕೆ ಇಳಿಯದೆ ಮುಂದಿನದಕ್ಕೆ ಹೋಗಬೇಡಿ. ಅಂಕಿ ಹೇಳಲಾಗದ ಮಗು ಕೆಂಪು, ಹಳದಿ, ಹಸಿರು ತೋರಿಸಲಿ. ಎಲ್ಲಕ್ಕಿಂತ ಮುಖ್ಯ, ಮನೆಗೆ ಹೊರಡುವ ಹೊತ್ತನ್ನು ಗಡಿಯಾರ ನಿರ್ಧರಿಸಬೇಕು, ಅಳು ಅಲ್ಲ. ಹತ್ತು ಗಂಟೆಗೆ ಎಂದಿದ್ದರೆ, ಮಗು ನಗುತ್ತಿದ್ದರೂ ಹತ್ತಕ್ಕೇ. "ಚೆನ್ನಾಗಿದ್ದಾನಲ್ಲ, ಇವತ್ತು ಸಂಜೆ ತನಕ ಇರಲಿ" ಎಂದು ಶಾಲೆ ಉಳಿಸಿಕೊಂಡರೆ ಮರುದಿನ ಮಗು ಆಮ್ನಿ ಹತ್ತುವುದಿಲ್ಲ.

ಕರಾವಳಿಯಲ್ಲಿ ಇದಕ್ಕೆಲ್ಲ ಕಲ್ಲು ಹಾಕುವುದು ಮಳೆ ರಜೆ. ಡಿಸಿ ಆದೇಶ ರಾತ್ರಿ ಬರಬಹುದು, ಬೆಳಗಿನ ಜಾವವೂ ಬರಬಹುದು. ಬ್ಯಾಗು ಕಟ್ಟಿ ಮಲಗಿದ ಮಗುವಿಗೆ ಎದ್ದಾಗ ಲೋಕವೇ ಬದಲಾಗಿರುತ್ತದೆ. ಜೂನ್‌ನಿಂದಲೇ ಗೋಡೆಯ ಮೇಲಿನ ದಿನಚರಿಯ ಚಿತ್ರಪಟ್ಟಿಯಲ್ಲಿ "ಶಾಲೆ" ಕಾರ್ಡಿನ ಹಿಂದೆ "ಮಳೆ ರಜೆ" ಕಾರ್ಡು ಇರಲಿ, ರಾತ್ರಿ ಎರಡನ್ನೂ ತೋರಿಸಿ "ನಾಳೆ ಇದು ಅಥವಾ ಇದು" ಎನ್ನಿ. ವಾಟ್ಸಾಪಿನಲ್ಲಿ ಹಳೆಯ ಆದೇಶಗಳೂ ಸುಳ್ಳು ಆದೇಶಗಳೂ ಓಡಾಡುತ್ತವೆ, ಶಾಲೆಯ ಗುಂಪಿನಲ್ಲಿ ಬಂದ ಮೇಲೆಯೇ ಮಗುವಿಗೆ ಹೇಳಿ. ರಜೆಯಲ್ಲೂ ಏಳುವ ಗಂಟೆ ಬದಲಾಗದಿರಲಿ. ಹತ್ತರೊಳಗೆ ಅರ್ಧ ಗಂಟೆ ಮೇಜಿನ ಮುಂದೆ ಪುಸ್ತಕ ಇರಲಿ. ಮೂರು ದಿನ ಒಟ್ಟಿಗೆ ರಜೆ ಬಂದರೆ ನಾಲ್ಕನೆಯ ದಿನ ಮೆಟ್ಟಿಲಲ್ಲಿ ಒಂದು ಹಂತ ಕೆಳಗಿನಿಂದ ಶುರು ಮಾಡುವುದೇ ಲೇಸು. ತಗಡಿನ ಮಾಡಿನ ಮೇಲೆ ಮಳೆ ಬೀಳುವ ಸದ್ದು, ಬಿಸಿಯೂಟದ ಕೋಣೆಯಲ್ಲಿ ತಟ್ಟೆಗಳ ಸದ್ದು ತಡೆಯಲಾಗದ ಮಗುವಿಗೆ ಸುರಕ್ಷಾ ಸಾಮಗ್ರಿ ಮಾರುವ ಅಂಗಡಿಯಲ್ಲಿ ಸಿಗುವ, ಕಿವಿ ಮುಚ್ಚುವ ಇಯರ್‌ಮಫ್ ಸಾಕು. ದಿನವಿಡೀ ಹಾಕಿಸಬೇಡಿ. ಕಿವಿ ಮೌನಕ್ಕೆ ಒಗ್ಗಿದಷ್ಟೂ ಸಣ್ಣ ಸದ್ದೂ ಚುಚ್ಚತೊಡಗುತ್ತದೆ.

ಶಾಲೆಗೆ ಕೊಡುವ ಬೇಡಿಕೆ ಬಾಯಿಮಾತಲ್ಲಿ ಬೇಡ, ಒಂದು ಪುಟದ ಪತ್ರವಿರಲಿ, ಸ್ವೀಕೃತಿ ಸಹಿ ತೆಗೆದುಕೊಳ್ಳಿ. ಕಾರ್ಡು, ಕೂರುವ ಜಾಗ, ಅರ್ಧ ಹೋಂವರ್ಕ್, ಗಲಾಟೆಯಾದಾಗ ಹೋಗಬೇಕಾದ ಒಬ್ಬರ ಹೆಸರು, ಇಷ್ಟೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ಸರಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳಲ್ಲಿ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಇರಬೇಕೆನ್ನುತ್ತದೆ, 17ನೇ ಕಲಂ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆಯುವ ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯ ವಿನಾಯಿತಿಯನ್ನು ಹೆಸರಿಸುತ್ತದೆ. ಹೊಡೆಯುವುದು, ಹೀಯಾಳಿಸುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ನಿಷಿದ್ಧ. ಪತ್ರದಲ್ಲಿ ಕಾನೂನನ್ನು ಕೊನೆಯ ಸಾಲಿಗೆ ಇಡಿ, ಮೊದಲ ಸಾಲಿಗೆ ಇಟ್ಟರೆ ಜಗಳವಾಗುತ್ತದೆ. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿವೆ, ಎಡಿಎಚ್‌ಡಿ ಬೇರೆಯಾಗಿ ಪಟ್ಟಿಯಲ್ಲಿಲ್ಲ, ಹಾಗಾಗಿ ಆ ಮಕ್ಕಳಿಗೆ ವೈದ್ಯರ ಪತ್ರವೇ ಆಧಾರ. ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ ಎಂದು ಕರೆಯುವ, ಇಂಥ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ಕೇಳಿಕೊಂಡು ಹೋಗಿ. ಅಂಥವರು ಇದ್ದಾರೆಂಬುದೇ ಅನೇಕ ಮನೆಗಳಿಗೆ ಗೊತ್ತಿರುವುದಿಲ್ಲ.

ಮಗು ತನ್ನ ತಲೆ ಗೋಡೆಗೆ ಬಡಿಯುತ್ತಿದ್ದರೆ, ಸಾಯುವ ಮಾತಾಡಿದರೆ, ತಿಂಗಳಿಂದ ಊಟ ನಿದ್ದೆ ಕೆಟ್ಟಿದ್ದರೆ ಕಾರ್ಡು ಟೋಕನ್ ಎಂದು ಕಾಯಬಾರದು, ಮನೋವೈದ್ಯರನ್ನು ಕಾಣಬೇಕು. ಔಷಧಿ ಕೊಟ್ಟರೆ ಅದನ್ನು ಸೋಲೆಂದು ತಿಳಿಯಬೇಕಿಲ್ಲ, ತಾವಾಗಿ ನಿಲ್ಲಿಸಲೂಬಾರದು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ತಿಂಗಳುಗಳಲ್ಲಿ ಅಷ್ಟಮಿ, ನವರಾತ್ರಿ, ಹುಲಿವೇಷ ಬರುತ್ತವೆ. ತಾಸೆ ವಾದ್ಯದ ಸದ್ದು ಓಣಿಗೇ ಬರುತ್ತದೆ, ಕೆಲವೊಮ್ಮೆ ಶಾಲೆಯ ಅಂಗಳಕ್ಕೂ. ಆಗಸ್ಟ್ ಮೊದಲ ವಾರದಿಂದ ದಿನಕ್ಕೆ ಎರಡು ನಿಮಿಷ, ತೀರಾ ಸಣ್ಣ ಸದ್ದಿನಲ್ಲಿ ಹುಲಿವೇಷದ ವಿಡಿಯೊ ತೋರಿಸಲು ಶುರುಮಾಡಿ, ವಾರಕ್ಕೊಮ್ಮೆ ಸದ್ದನ್ನು ಒಂದು ಗೆರೆ ಏರಿಸಿ, ಬಣ್ಣ ಬಳಿಯುವ ಫೋಟೊಗಳನ್ನೂ ಜೊತೆಗೆ ತೋರಿಸಿ. ವೇಷದ ಒಳಗಿರುವುದು ಮನುಷ್ಯ ಎಂದು ಆಗ ಗೊತ್ತಾಗುತ್ತದೆ. ಶಾಲೆಗೆ ತಂಡ ಬರುವ ದಿನ ಮುಂಚೆಯೇ ಕೇಳಿಟ್ಟುಕೊಂಡು, ಮಗುವಿಗೆ ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ ಜಾಗ ಕೊಡಿಸಿ. ಕಾರ್ಡು ಕೊರಳಲ್ಲಿರಲಿ.