ಉಗಾಂಡಾದ ಬ್ವಿಂಡಿ ಕಾಡಿನ ಗೊರಿಲ್ಲಾ ನೋಡಲು ಏನೇನು ತಯಾರಿ ಬೇಕು?

ಉಗಾಂಡಾಕ್ಕೆ ಹೊರಟವರು ಈ ಪ್ರಶ್ನೆ ಕೇಳುವಾಗ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಬೂಟು, ಕ್ಯಾಮೆರಾ, ಪರ್ಮಿಟ್ ದರ. ನನ್ನ ಉತ್ತರ ಶುರುವಾಗುವುದು ನೆಗಡಿಯಿಂದ. ನಿಮಗೆ ನೆಗಡಿ, ಕೆಮ್ಮು, ಜ್ವರ ಅಥವಾ ಭೇದಿ ಇದ್ದರೆ ಕಾಡಿನೊಳಗೆ ಹೋಗಬೇಡಿ. ಎಷ್ಟೇ ದುಡ್ಡು ಕಟ್ಟಿದ್ದರೂ ಸರಿ.

ನಮಗೆ ಬರುವ ಉಸಿರಾಟದ ಸೋಂಕುಗಳು ಗೊರಿಲ್ಲಾಗಳಿಗೂ ತಗಲುತ್ತವೆ, ಆದರೆ ನಮಗಿರುವ ರೋಗನಿರೋಧಕ ಶಕ್ತಿ ಅವಕ್ಕಿಲ್ಲ. 2009ರಲ್ಲಿ ರುವಾಂಡಾದ ಒಂದು ಗುಂಪಿಗೆ ಮನುಷ್ಯರಲ್ಲಿ ನೆಗಡಿ-ಕೆಮ್ಮು ತರುವ ಮೆಟಾನ್ಯೂಮೋವೈರಸ್ ಹರಡಿ ವಯಸ್ಕ ಹೆಣ್ಣು ಗೊರಿಲ್ಲಾ ಒಂದು, ಮರಿಯೊಂದು ಸತ್ತವು. 2018ರವರೆಗಿನ ಗಣತಿಗಳ ಪ್ರಕಾರ ಬ್ವಿಂಡಿಯಲ್ಲೂ ಇರುವ ಬೆಟ್ಟದ ಗೊರಿಲ್ಲಾಗಳು ಇಡೀ ಜಗತ್ತಿನಲ್ಲಿ 1,063. ಇಷ್ಟು ಕಡಿಮೆ ಇರುವಾಗ ಒಂದು ಗುಂಪಿಗೆ ಬಂದ ಕಾಯಿಲೆಯೂ ದೊಡ್ಡ ಪೆಟ್ಟೇ. ದಿನಕ್ಕೆ ಒಂದು ಗುಂಪಿನ ಬಳಿ ಎಂಟೇ ಪ್ರವಾಸಿಗರು, ಒಂದೇ ಗಂಟೆ, ಹದಿನೈದು ವರ್ಷ ತುಂಬದವರಿಗೆ ಪ್ರವೇಶವಿಲ್ಲ ಎಂಬ ನಿಯಮಗಳ ಹಿಂದೆ ಈ ಭಯವೂ ಇದೆ. ಹಾಗಾಗಿ ಹೊರಡುವ ಎರಡು ವಾರ ಮೊದಲೇ ಫ್ಲೂ ಲಸಿಕೆ ಹಾಕಿಸಿಕೊಳ್ಳಿ. ಮಾಸ್ಕ್ ಮೂರಾದರೂ ಇರಲಿ. ಹತ್ತುವಾಗಿನ ಬೆವರಿಗೆ, ಮಳೆಗೆ ಒದ್ದೆಯಾದದ್ದು ಮತ್ತೆ ಕೆಲಸಕ್ಕೆ ಬಾರದು.

ಹಳದಿ ಜ್ವರದ ಲಸಿಕೆ ಬೇರೆಯೇ ವಿಷಯ. ಸರ್ಕಾರ ಗುರುತಿಸಿದ ಕೇಂದ್ರದಲ್ಲಿಯೇ ಹಾಕಿಸಬೇಕು; ಮನೆ ಹತ್ತಿರದ ಕ್ಲಿನಿಕ್ಕಿನ ಚೀಟಿ ನಡೆಯುವುದಿಲ್ಲ. ಲಸಿಕೆಯ ಪ್ರಮಾಣಪತ್ರಕ್ಕೆ ಮಾನ್ಯತೆ ಬರುವುದು ಹಾಕಿಸಿಕೊಂಡ ಹತ್ತು ದಿನದ ನಂತರ. ಅದಿಲ್ಲದೆ ಹಿಂದಿರುಗಿದರೆ ಬೆಂಗಳೂರಿನ ವಿಮಾನ ನಿಲ್ದಾಣದಿಂದಲೇ ಆರು ದಿನದವರೆಗೆ ಕ್ವಾರಂಟೈನ್ ಆಗಬಹುದು. ಮೊಟ್ಟೆಯ ಅಲರ್ಜಿ ಇರುವವರು, ಅರವತ್ತು ದಾಟಿದವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕಾಣಬೇಕು. ಮಲೇರಿಯಾ ಮಾತ್ರೆಯನ್ನೂ ಆಗಲೇ ಕೇಳಿ. ಡಾಕ್ಸಿಸೈಕ್ಲಿನ್ ಕೊಟ್ಟರೆ ಊರಿಗೆ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಬಹಳ ಜನ ಅರ್ಧಕ್ಕೇ ಬಿಡುತ್ತಾರೆ, ಅದು ಅಪಾಯ.

ಕುಮಾರಪರ್ವತ ಹತ್ತಿದ ಅಭ್ಯಾಸವಿದ್ದರೆ ಒಳ್ಳೆಯದು, ಆದರೆ ಬ್ವಿಂಡಿಯಲ್ಲಿ ಎಷ್ಟೋ ಕಡೆ ದಾರಿಯೇ ಇರುವುದಿಲ್ಲ. ಮುಂದೆ ಹೋಗುವವರು ಮಚ್ಚಿನಿಂದ ಬಳ್ಳಿ ಕಡಿದಲ್ಲಿ ನುಗ್ಗಬೇಕು. ಗೊರಿಲ್ಲಾ ಒಂದು ಗಂಟೆಯಲ್ಲೂ ಸಿಗಬಹುದು, ಆರು ಗಂಟೆಯೂ ಆಗಬಹುದು. ಕೈ ಊರಿದಲ್ಲೆಲ್ಲ ತುರಿಕೆ ಗಿಡ, ಅದಕ್ಕೆ ತೋಟದ ಕೆಲಸದ ದಪ್ಪ ಗ್ಲೌಸ್. ಪ್ಯಾಂಟಿನ ತುದಿಯನ್ನು ಉದ್ದನೆಯ ಕಾಲುಚೀಲದೊಳಗೆ ಸೇರಿಸಿ, ಇಲ್ಲವಾದರೆ ಕಚ್ಚುವ ಇರುವೆಗಳು ಒಳಗಿನಿಂದ ಏರುತ್ತವೆ. ಕಣಕಾಲು ಮುಚ್ಚುವ, ಮೊದಲೇ ತೊಟ್ಟು ಪಳಗಿಸಿದ ಬೂಟು, ಎರಡು ಲೀಟರ್ ನೀರು, ಮಳೆಯಂಗಿ. ಜೂನ್‌ನಿಂದ ಆಗಸ್ಟ್, ಡಿಸೆಂಬರ್‌ನಿಂದ ಫೆಬ್ರವರಿ ಮಳೆ ಕಡಿಮೆ ಎನ್ನುವುದು ನಿಜ, ಆದರೂ ಮಳೆಯಂಗಿ ಬಿಟ್ಟು ಹೋಗಬೇಡಿ. ಪೋರ್ಟರ್ ಒಬ್ಬರನ್ನು ಖಂಡಿತ ಕರೆದುಕೊಳ್ಳಿ. ಜಾರುವಲ್ಲಿ ಕೈ ಹಿಡಿಯುತ್ತಾರೆ, ಮತ್ತು ಕಾಡಂಚಿನ ಮನೆಗೆ ಆ ಕಾಡಿನಿಂದಲೇ ನೇರವಾಗಿ ಸಂಬಳ ಸೇರುತ್ತದೆ.

ಗೊರಿಲ್ಲಾ ಎದುರಾದಾಗ ಹತ್ತು ಮೀಟರ್ ದೂರ, ಫ್ಲಾಶ್ ಇಲ್ಲ. ಮರಿಗಳು ತಾವಾಗಿ ಹತ್ತಿರ ಬಂದರೆ ಹಿಂದೆ ಸರಿಯಬೇಕಾದವರು ನೀವು. ಮುಟ್ಟಿಸಿಕೊಂಡ ವಿಡಿಯೊ ಹೆಮ್ಮೆಯ ವಿಷಯವಲ್ಲ. ಬೆಳ್ಳಿ ಬೆನ್ನಿನ ಗಂಡು ನುಗ್ಗಿ ಬಂದರೆ ಓಡದೆ, ಕಣ್ಣು ತಗ್ಗಿಸಿ ಕುಕ್ಕರಗಾಲಲ್ಲಿ ಕೂತುಬಿಡಿ. ಕೆಮ್ಮು ಬಂದರೆ ಮುಖ ತಿರುಗಿಸಿ, ಮೊಣಕೈಯಿಂದ ಬಾಯಿ ಮುಚ್ಚಿ. ಕಾಡಿನಲ್ಲಿ ಶೌಚಕ್ಕೆ ಹೋಗಲೇಬೇಕಾದರೆ ಗೈಡ್‌ಗೆ ಹೇಳಿ, ಒಂದಡಿ ಆಳದ ಗುಂಡಿ ತೋಡಿಸಿ, ಪೂರ್ತಿ ಮಣ್ಣು ಮುಚ್ಚಿ. ಊಟದ ಪೊಟ್ಟಣ ಅವುಗಳ ಹತ್ತಿರ ಬಿಚ್ಚಲೇಬೇಡಿ.

ಪರ್ಮಿಟ್ ವಿದೇಶಿಯರಿಗೆ 800 ಡಾಲರ್, ರುವಾಂಡಾದಲ್ಲಿ 1,500. ಬ್ವಿಂಡಿಯ ಪರ್ಮಿಟ್ ಬುಹೋಮ, ರುಹಿಜ, ರುಶಾಗ, ನ್ಕುರಿಂಗೊ ಎಂಬ ನಾಲ್ಕು ವಲಯಗಳಲ್ಲಿ ಒಂದಕ್ಕೆ ಮಾತ್ರ ಸಲ್ಲುತ್ತದೆ. ಬುಹೋಮದಿಂದ ರುಶಾಗಕ್ಕೆ ಕಾಡು ಸುತ್ತಿ ಹೋಗಲು ಗಂಟೆಗಟ್ಟಲೆ ಬೇಕು, ಬೆಳಗಿನ ಹಾಜರಿ ತಪ್ಪಿದರೆ ಆ ದಿನ ಹೋಯಿತು. ಆದ್ದರಿಂದ ಪರ್ಮಿಟ್ ಕೈಗೆ ಬಂದ ಮೇಲೆಯೇ, ಅದೇ ವಲಯದಲ್ಲಿ ರೂಮು ಬುಕ್ ಮಾಡಿ.