ನೋಡದೆ ಬರೆದವರು
ಹಳೇ ಸಿಪಿಯು ಬಿಚ್ಚಿ ಧೂಳು ಒರೆಸುವಾಗ ಬಯಾಸ್ ಚಿಪ್ (ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡುವ ಪ್ರೋಗ್ರಾಂ ಇರುವ ಚಿಪ್) ಕಣ್ಣಿಗೆ ಬಿತ್ತು. ಸುಮ್ನೆ ನೋಡುತ್ತಾ ಕೂತೆ.

1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಹೆಚ್ಚಾಗಿ ಬೇರೆ ಕಂಪನಿಗಳ ಭಾಗಗಳಿಂದಲೇ ಕಟ್ಟಿತ್ತು. ಇಂಟೆಲ್ 8088 ಪ್ರೊಸೆಸರನ್ನು ಯಾರು ಬೇಕಾದರೂ ಕೊಳ್ಳಬಹುದಿತ್ತು. ಐಬಿಎಂನದ್ದೇ ಅಂತ ಇದ್ದದ್ದು ಮುಖ್ಯವಾಗಿ ಈ ಬಯಾಸ್. ಅದರ ಕೋಡನ್ನು ಕೈಪಿಡಿಯಲ್ಲೇ ಅಚ್ಚು ಹಾಕಿದ್ದರು, ಆದರೆ ನಕಲು ಮಾಡಿದರೆ ಕೇಸು.

ಐಬಿಎಂ ಪಿಸಿಯಂಥದ್ದೇ ಕಂಪ್ಯೂಟರ್ ಮಾಡಹೊರಟ ಕಾಂಪ್ಯಾಕ್‌ನವರು ಏನು ಮಾಡಿದರು ಗೊತ್ತಾ? ಒಂದು ತಂಡ ಕೋಡ್ ಓದಿ, ಅದು ಏನೇನು ಕೆಲಸ ಮಾಡುತ್ತೆ ಅಂತ ಮಾತ್ರ ಬರೆದುಕೊಟ್ಟಿತು. ಆ ಕೋಡನ್ನು ಕಣ್ಣಿಂದಲೂ ನೋಡದ ಇನ್ನೊಂದು ತಂಡ ಎಲ್ಲವನ್ನೂ ಹೊಸದಾಗಿ ಬರೆಯಿತು. 1983ರಲ್ಲಿ ಮಾರುಕಟ್ಟೆಗೆ ಬಂದ ಅವರ ಪೋರ್ಟಬಲ್ ಸುಮಾರು 13 ಕೆಜಿ! ಐಬಿಎಂ ಪಿಸಿಗೆ ಬರೆದ ಲೋಟಸ್ 1-2-3 ಅನ್ನೋ ಸ್ಪ್ರೆಡ್‌ಶೀಟ್ ಪ್ರೋಗ್ರಾಂ ಅದರಲ್ಲೂ ಓಡಿತು. ಆ ಎರಡನೇ ತಂಡದವರ ತಾಳ್ಮೆ ನೆನೆದರೆ ಮೈ ಜುಮ್ ಅನ್ನುತ್ತೆ.